ಮೊಳೆಯುವ ಬೀಜದಲ್ಲಿ ಡಿಎನ್‌ಎ ಸಂಶ್ಲೇಷಣೆ ಮತ್ತು ಕಿಣ್ವಗಳ ಚಟುವಟಿಕೆ: ಅಳೆಯುವ ಕ್ರಮ

ಮೊಳೆಯುತ್ತಿರುವ ಬೀಜವನ್ನು ಅರೆದು, ಅದರ ಸಾರದಲ್ಲಿ ಪಿಷ್ಟವನ್ನು ಒಡೆಯುವ ಕಿಣ್ವವಾದ ಅಮೈಲೇಸ್ ಎಷ್ಟಿದೆ ಎಂದು ಅಳೆಯುವುದು ಅರ್ಧ ದಿನದಲ್ಲಿ ಮುಗಿಯುವ ಕೆಲಸ. ಆ ಅಮೈಲೇಸ್ ಎಲ್ಲಿಂದ ಬಂತು ಎಂದು ಹೇಳುವುದು ಅಷ್ಟು ಸುಲಭವಲ್ಲ. ಒಣ ಬೀಜದಲ್ಲಿ ಮೊದಲೇ ಇದ್ದ ಕಿಣ್ವ, ಬೇರೆ ಪ್ರೋಟೀನುಗಳಿಗೆ ಅಂಟಿಕೊಂಡು ಸುಮ್ಮನಿದ್ದು ನೀರು ತಾಗಿದ ಮೇಲೆ ಬಿಡುಗಡೆಯಾದ ಕಿಣ್ವ, ಹೊಸದಾಗಿ ತಯಾರಾದ ಕಿಣ್ವ ಈ ಮೂರೂ ಪರೀಕ್ಷಾ ನಳಿಕೆಯಲ್ಲಿ ಒಂದೇ ಬಣ್ಣವನ್ನು ಕೊಡುತ್ತವೆ. ಡಿಎನ್‌ಎ ವಿಷಯವೂ ಹೀಗೆಯೇ ಇದೆ. ಕೋಶವಿಭಜನೆಗೆ ಮುನ್ನ ನಡೆಯುವ ಪ್ರತಿಕೃತೀಕರಣ, ಒಣಗಿದ್ದಾಗ ಹಾಳಾದ ಎಳೆಗಳ ದುರಸ್ತಿ, ಮೈಟೋಕಾಂಡ್ರಿಯ ಮತ್ತು ಪ್ಲಾಸ್ಟಿಡ್‌ಗಳ ಸ್ವಂತ ಡಿಎನ್‌ಎ, ಇವೆಲ್ಲಕ್ಕಿಂತ ಹೆಚ್ಚಾಗಿ ಬೀಜದ ಸಿಪ್ಪೆಯ ಮೇಲಿನ ಬ್ಯಾಕ್ಟೀರಿಯ, ಎಲ್ಲವೂ ಗುರುತು ಹಚ್ಚಿದ ಥೈಮಿಡಿನ್ (ಡಿಎನ್‌ಎ ಕಟ್ಟಲು ಬೇಕಾದ ಒಂದು ಘಟಕ) ಅನ್ನು ಹೀರಿಕೊಳ್ಳುತ್ತವೆ. ಆದ್ದರಿಂದ ಇಲ್ಲಿ ಅಳೆಯುವ ವಿಧಾನಗಳ ಜೊತೆಗೆ, ಅಳತೆಯ ಮೂಲವನ್ನು ಬೇರ್ಪಡಿಸುವ ಕಂಟ್ರೋಲ್‌ಗಳಿಗೂ ಅಷ್ಟೇ ಜಾಗ ಕೊಟ್ಟಿದ್ದೇನೆ. ಪದವಿ ಮಟ್ಟದ ಪ್ರಯೋಗಾಲಯವೊಂದರಲ್ಲಿ ಈ ಕೆಲಸದ ಹೆಚ್ಚಿನ ಭಾಗವನ್ನು ಮಾಡಬಹುದು.

ಬೀಜದ ಆಯ್ಕೆ ಮತ್ತು ಸಿದ್ಧತೆ

ಪಿಷ್ಟವನ್ನು ಒಡೆಯುವ ಕಿಣ್ವಗಳಿಗೆ ಬಾರ್ಲಿಯಷ್ಟು ಒಳ್ಳೆಯ ಬೀಜ ಇನ್ನೊಂದಿಲ್ಲ. 1833ರಲ್ಲಿ ಫ್ರೆಂಚ್ ರಸಾಯನಶಾಸ್ತ್ರಜ್ಞರಾದ ಪಾಯೆನ್ ಮತ್ತು ಪೆರ್ಸೋ ಮೊಳಕೆ ಬಾರ್ಲಿಯ ಸಾರದಿಂದಲೇ ಪಿಷ್ಟ ಒಡೆಯುವ ಡಯಾಸ್ಟೇಸ್ ಅನ್ನು ಬೇರ್ಪಡಿಸಿದರು. ಅಂದಿನಿಂದ ಈ ಧಾನ್ಯದ ಬಗ್ಗೆ ಕೂಡಿಬಂದ ತಿಳಿವಳಿಕೆ ಅಪಾರ. ಆದರೆ ಅಡುಗೆಗೆಂದು ಮಾರುವ, ಉಜ್ಜಿ ಬೆಳ್ಳಗೆ ಮಾಡಿದ ಬಾರ್ಲಿ ಈ ಕೆಲಸಕ್ಕೆ ಬರುವುದಿಲ್ಲ, ಏಕೆಂದರೆ ಉಜ್ಜುವಾಗ ಭ್ರೂಣವೂ, ಪಿಷ್ಟದ ದಾಸ್ತಾನನ್ನು ಸುತ್ತುವರಿದ ಜೀವಂತ ಕೋಶಗಳ ಅಲ್ಯೂರೋನ್ ಪದರವೂ ಬಹುಪಾಲು ಹೋಗಿರುತ್ತವೆ. ಶಿಲೀಂಧ್ರನಾಶಕ ಲೇಪಿಸಿದ ಬಿತ್ತನೆ ಬೀಜವನ್ನೂ ಬಳಸಬಾರದು. ಡಿಎನ್‌ಎ ಕೆಲಸಕ್ಕೆ ಹೆಸರುಕಾಳು ಅನುಕೂಲಕರ. ಎರಡು ಮೂರು ಗಂಟೆ ನೆನೆದ ಕಾಳಿನ ಸಿಪ್ಪೆಯನ್ನು ಇಕ್ಕುಳದಿಂದ ಬಿಡಿಸಿ ಬೀಜದಳಗಳನ್ನು ಮೆಲ್ಲಗೆ ಅಗಲಿಸಿದರೆ, ಅವುಗಳ ನಡುವೆ ಬಾಗಿ ಮಲಗಿರುವ ಭ್ರೂಣದ ಅಕ್ಷ ಇಡಿಯಾಗಿ ಕೈಗೆ ಬರುತ್ತದೆ.

ಮೊದಲು ಬೀಜಗಳನ್ನು ಶೇ. 70ರ ಎಥನಾಲ್‌ನಲ್ಲಿ ಒಂದು ನಿಮಿಷ, ನಂತರ ಶೇ. 1ರಿಂದ 2ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಹತ್ತು ನಿಮಿಷ ಅಲುಗಾಡಿಸಿ, ಕ್ರಿಮಿಶುದ್ಧ ನೀರಿನಲ್ಲಿ ಐದಾರು ಬಾರಿ ತೊಳೆಯಬೇಕು. ಡಿಎನ್‌ಎ ಅಳತೆಯ ಮಟ್ಟಿಗೆ ಈ ಹಂತವನ್ನು ಅವಸರದಲ್ಲಿ ಮುಗಿಸುವಂತಿಲ್ಲ. ಬೀಜದ ಕೋಶಗಳು ಇನ್ನೂ ಎಚ್ಚರಗೊಳ್ಳದ ಮೊದಲ ಗಂಟೆಗಳಲ್ಲಿ ಸಿಪ್ಪೆಯ ಮೇಲಿನ ಬ್ಯಾಕ್ಟೀರಿಯ ವೇಗವಾಗಿ ವೃದ್ಧಿಸುತ್ತಿರುತ್ತದೆ. "ನೆನೆಸಿದ ಕೂಡಲೇ ಡಿಎನ್‌ಎ ಸಂಶ್ಲೇಷಣೆ ಶುರುವಾಯಿತು" ಎಂಬ ಫಲಿತಾಂಶ ಬಂದಾಗ ಮೊದಲು ಅನುಮಾನಿಸಬೇಕಾದದ್ದು ಅದನ್ನೇ. ತೊಳೆದ ಕೊನೆಯ ನೀರಿನ ಹನಿಯೊಂದನ್ನು ಪೋಷಕ ಅಗರ್ ತಟ್ಟೆಯ ಮೇಲೆ ಹರಡಿ, ಎರಡು ದಿನ ಬಿಟ್ಟು ನೋಡಿದರೆ ಶುದ್ಧೀಕರಣ ಎಷ್ಟರ ಮಟ್ಟಿಗೆ ಆಗಿದೆ ಎಂಬುದು ತಿಳಿಯುತ್ತದೆ.

ಬೀಜವನ್ನು ನೀರಿನಲ್ಲಿ ಮುಳುಗಿಸಿ ಬಿಡಬಾರದು. 9 ಸೆಂಟಿಮೀಟರ್ ಪೆಟ್ರಿ ತಟ್ಟೆಯಲ್ಲಿ ಎರಡು ಸೋಸುಕಾಗದ ಹಾಸಿ, ನೂರು ಬಾರ್ಲಿ ಕಾಳಿಗೆ 4 ಮಿಲಿಲೀಟರ್ ನೀರು ಕೊಟ್ಟರೆ ಸಾಕು. ಅದೇ ತಟ್ಟೆಗೆ 8 ಮಿಲಿಲೀಟರ್ ಹಾಕಿದರೆ ಎಷ್ಟೋ ಬಾರಿ ಮೊಳಕೆಯ ಪ್ರಮಾಣ ಎದ್ದು ಕಾಣುವಷ್ಟು ಇಳಿಯುತ್ತದೆ, ಏಕೆಂದರೆ ಕಾಳಿನ ಸುತ್ತ ಕಟ್ಟಿಕೊಂಡ ನೀರಿನ ಪದರ ಆಮ್ಲಜನಕ ಭ್ರೂಣಕ್ಕೆ ತಲುಪದಂತೆ ತಡೆಯುತ್ತದೆ. ಉಷ್ಣತೆಯನ್ನು 20ರಿಂದ 25 ಡಿಗ್ರಿ ಸೆಲ್ಸಿಯಸ್‌ನ ಒಳಗೆ ಒಂದೇ ಅಂಕಿಯಲ್ಲಿ ಹಿಡಿದಿಡಬೇಕು.

ಗಡಿಯಾರಕ್ಕಿಂತ ಬೀಜದ ಹಂತ ಮುಖ್ಯ

ಬೀಜ ನೀರು ಹೀರುವುದು ಮೂರು ಹಂತಗಳಲ್ಲಿ. ಮೊದಲ ಹಂತದಲ್ಲಿ ಅದು ಭೌತಿಕವಾಗಿ, ಬೇಗಬೇಗನೆ ನೀರೆಳೆಯುತ್ತದೆ. ಸತ್ತ ಬೀಜವೂ ಇಷ್ಟನ್ನು ಮಾಡುತ್ತದೆ. ಎರಡನೆಯ ಹಂತದಲ್ಲಿ ತೂಕ ಹೆಚ್ಚುಕಡಿಮೆ ನಿಲ್ಲುತ್ತದೆ, ಆದರೆ ಒಳಗೆ ಉಸಿರಾಟ, ದುರಸ್ತಿ ಮತ್ತು ಪ್ರೋಟೀನ್ ತಯಾರಿ ಭರದಿಂದ ಸಾಗಿರುತ್ತವೆ. ಬೇರುಮೊಳಕೆ ಸಿಪ್ಪೆಯನ್ನು ಸೀಳಿ ಹೊರಬಂದ ಮೇಲೆ ತೂಕ ಮತ್ತೆ ಏರತೊಡಗುತ್ತದೆ, ಇದು ಮೂರನೆಯ ಹಂತ. ಸಸ್ಯಶರೀರಶಾಸ್ತ್ರದಲ್ಲಿ ಮೊಳೆಯುವಿಕೆ ಬೇರುಮೊಳಕೆಯ ಉದಯದೊಂದಿಗೆ ಮುಗಿಯುತ್ತದೆ; ಆಮೇಲಿನದು ಸಸಿಯ ಬೆಳವಣಿಗೆ. ಬಾರ್ಲಿಯಲ್ಲಿ ಪಿಷ್ಟವನ್ನು ಕರಗಿಸುವ ಆಲ್ಫಾ-ಅಮೈಲೇಸ್‌ನ ದೊಡ್ಡ ಏರಿಕೆ ಕಾಣುವುದು ಈ ಸಸಿಯ ಬೆಳವಣಿಗೆಯ ಭಾಗದಲ್ಲಿ. ಅದನ್ನು ಮೊಳೆಯುವಿಕೆಯ ಕಾರಣ ಎಂದು ಬರೆಯುವ ವರದಿಗಳು ವಿದ್ಯಾರ್ಥಿಗಳ ದಾಖಲೆ ಪುಸ್ತಕಗಳಲ್ಲಿ ಇಂದಿಗೂ ಧಾರಾಳವಾಗಿ ಸಿಗುತ್ತವೆ.

ಆದ್ದರಿಂದ ಕಿಣ್ವಕ್ಕೆ ಕೈಹಾಕುವ ಮುನ್ನ ತೂಕದ ರೇಖೆಯನ್ನು ಬಿಡಿಸಿಕೊಳ್ಳಬೇಕು. ಒಣ ತೂಕ ಗೊತ್ತಿರುವ ಇಪ್ಪತ್ತೈದು ಕಾಳುಗಳನ್ನು ಮೊದಲ ಆರು ಗಂಟೆ ಗಂಟೆಗೊಮ್ಮೆ, ಆಮೇಲೆ ಆರು ಗಂಟೆಗೊಮ್ಮೆ ಮೇಲ್ಮೈ ನೀರನ್ನು ಕಾಗದದಿಂದ ಒತ್ತಿ ತೆಗೆದು ತೂಗಬೇಕು. ಜೊತೆಗೆ 100 ಡಿಗ್ರಿ ಮೀರಿದ ಒಣ ಶಾಖದಲ್ಲಿ ಹಲವು ಗಂಟೆ ಇಟ್ಟು ಕೊಂದ ಬೀಜಗಳನ್ನೂ ಹೀಗೆಯೇ ತೂಗಿದರೆ, ಎರಡು ರೇಖೆಗಳು ಬೇರೆಯಾಗುವ ಜಾಗದಲ್ಲಿ ಜೀವಂತ ಬೀಜದ ಸ್ವಂತ ಕೆಲಸ ಕಣ್ಣಿಗೆ ಕಾಣುತ್ತದೆ. ಬೀಜದ ರಾಶಿಯಲ್ಲಿ ಎಷ್ಟು ಜೀವಂತ ಎಂದು ತಿಳಿಯಲು, ನೆನೆದ ಕಾಳುಗಳನ್ನು ಉದ್ದಕ್ಕೆ ಸೀಳಿ ಟೆಟ್ರಜೋಲಿಯಂ ಕ್ಲೋರೈಡ್ ದ್ರಾವಣದಲ್ಲಿ ಕತ್ತಲಲ್ಲಿ ಇಡಬಹುದು. ಉಸಿರಾಡುವ ಅಂಗಾಂಶದ ಡಿಹೈಡ್ರೋಜಿನೇಸ್‌ಗಳು ಆ ಬಣ್ಣವಿಲ್ಲದ ಲವಣವನ್ನು ಕೆಂಪು ಫಾರ್ಮಜಾನ್ ಆಗಿ ಬದಲಿಸುತ್ತವೆ.

ಒಂದು ತಟ್ಟೆಯ ಬೀಜಗಳೆಲ್ಲ ಒಟ್ಟಿಗೆ ಮೊಳೆಯುವುದಿಲ್ಲ. ಇಪ್ಪತ್ತನೆಯ ಗಂಟೆಯಲ್ಲಿ ಕೆಲವು ಕಾಳುಗಳ ಬೇರು ಎರಡು ಮಿಲಿಮೀಟರ್ ಚಾಚಿದ್ದರೆ ಕೆಲವು ಇನ್ನೂ ಮುಚ್ಚಿಕೊಂಡೇ ಇರುತ್ತವೆ, ಮತ್ತು ಇವೆರಡನ್ನೂ ಒಟ್ಟಿಗೆ ಅರೆದರೆ ಬರುವ ಸರಾಸರಿ ಯಾವ ಬೀಜದ ಸ್ಥಿತಿಯನ್ನೂ ತೋರಿಸುವುದಿಲ್ಲ. ಪ್ರತಿ ಮಾದರಿ ತೆಗೆಯುವಾಗಲೂ ಗಂಟೆಯ ಜೊತೆಗೆ ಹಂತವನ್ನೂ ಬರೆದು, ಮುಚ್ಚಿದವು, ಸಿಪ್ಪೆ ಒಡೆದವು, ಬೇರು ಚಾಚಿದವು ಎಂದು ಬೇರೆ ಬೇರೆ ಹಿಡಿಯಾಗಿ ವಿಂಗಡಿಸುವುದು ನನ್ನ ದೃಷ್ಟಿಯಲ್ಲಿ ಇಡೀ ಪ್ರಯೋಗದ ಅತ್ಯಂತ ಲಾಭದಾಯಕ ಶ್ರಮ. 0, 6, 12, 18, 24, 36, 48, 72 ಗಂಟೆಗಳ ಮಾದರಿಗಳು ಸಾಮಾನ್ಯವಾಗಿ ಸಾಕಾಗುತ್ತವೆ. ಒಣ ಬೀಜದ, ಅಂದರೆ ಸೊನ್ನೆ ಗಂಟೆಯ ಮಾದರಿ ಇಲ್ಲದಿದ್ದರೆ ಉಳಿದ ಯಾವ ಅಂಕಿಯನ್ನೂ ಅರ್ಥೈಸಲಾಗುವುದಿಲ್ಲ.

ಅಮೈಲೇಸ್ ಅಳತೆ

ಹತ್ತು ಕಾಳುಗಳನ್ನು ಮಂಜುಗಡ್ಡೆಯ ಮೇಲಿಟ್ಟ ಖಲ್ಲಿನಲ್ಲಿ, ತೊಳೆದ ಮರಳಿನ ಚಿಟಿಕೆಯೊಂದಿಗೆ, 5 ಮಿಲಿಲೀಟರ್ ಬಫರ್ ಹಾಕಿ ನುಣ್ಣಗೆ ಅರೆಯಬೇಕು. ಬಫರ್ ಎಂದರೆ 50 ಮಿಲಿಮೋಲಾರ್ ಸೋಡಿಯಂ ಅಸಿಟೇಟ್, ಪಿಎಚ್ 5.5, ಅದರಲ್ಲಿ 5 ಮಿಲಿಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್. ಆಲ್ಫಾ-ಅಮೈಲೇಸ್‌ನ ರಚನೆ ಗಟ್ಟಿಯಾಗಿ ನಿಲ್ಲುವುದು ಕ್ಯಾಲ್ಸಿಯಂನಿಂದ, ಹಾಗಾಗಿ ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುವ ಈಡಿಟಿಎ ಇರುವ ಯಾವ ದ್ರಾವಣವನ್ನೂ ಇಲ್ಲಿ ಬಳಸುವಂತಿಲ್ಲ. ಅಂಗಡಿಯಿಂದ ತಂದ ಪ್ರೋಟಿಯೇಸ್ ತಡೆ ಮಿಶ್ರಣಗಳಲ್ಲಿ ಈಡಿಟಿಎ ಸೇರಿರುವುದುಂಟು, ಸೀಸೆಯ ಮೇಲಿನ ಚೀಟಿಯನ್ನು ಓದಿಯೇ ಬಳಸಬೇಕು. ಫಾಸ್ಫೇಟ್ ಬಫರ್ ಕೂಡ ಕ್ಯಾಲ್ಸಿಯಂ ಅನ್ನು ಕೆಳಗಿಳಿಸಿ ಬಿಡುತ್ತದೆ. ಅರೆದದ್ದನ್ನು 4 ಡಿಗ್ರಿಯಲ್ಲಿ 10,000 ಜಿ ಬಲದಲ್ಲಿ (ಗುರುತ್ವಕ್ಕಿಂತ ಹತ್ತು ಸಾವಿರ ಪಟ್ಟು) ಹತ್ತು ನಿಮಿಷ ಸೆಂಟ್ರಿಫ್ಯೂಜ್ ಮಾಡಿ ಮೇಲಿನ ತಿಳಿಯನ್ನು ತೆಗೆದುಕೊಳ್ಳಬೇಕು.

ಈ ತಿಳಿಯಲ್ಲಿ ಆಲ್ಫಾ ಮತ್ತು ಬೀಟಾ ಎರಡೂ ಅಮೈಲೇಸ್‌ಗಳಿವೆ. ತಿಳಿಯ ಒಂದು ಭಾಗವನ್ನು ಕ್ಯಾಲ್ಸಿಯಂ ಇರುವಂತೆಯೇ 70 ಡಿಗ್ರಿಯಲ್ಲಿ ಹದಿನೈದು ನಿಮಿಷ ಕಾಯಿಸಿ ತಣಿಸಿದರೆ ಬೀಟಾ ಕೆಟ್ಟು ಆಲ್ಫಾ ಉಳಿಯುತ್ತದೆ. ಕಾಯಿಸಿದ ಭಾಗದ ಚಟುವಟಿಕೆಯನ್ನು ಒಟ್ಟು ಚಟುವಟಿಕೆಯಿಂದ ಕಳೆದರೆ ಸರಿಸುಮಾರು ಬೀಟಾದ ಪಾಲು ಸಿಗುತ್ತದೆ.

ಚಟುವಟಿಕೆಯನ್ನು ಅಳೆಯಲು ಡೈನೈಟ್ರೋಸ್ಯಾಲಿಸಿಲಿಕ್ ಆಮ್ಲದ ವಿಧಾನ ಸಾಕು. ಈ ಆಮ್ಲದ 1 ಗ್ರಾಂ ಅನ್ನು 2 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್‌ನ 20 ಮಿಲಿಲೀಟರಿನಲ್ಲಿ ಕರಗಿಸಿ, ನೀರು ಸೇರಿಸಿ, 30 ಗ್ರಾಂ ಸೋಡಿಯಂ ಪೊಟ್ಯಾಸಿಯಂ ಟಾರ್ಟರೇಟ್ ಹಾಕಿ 100 ಮಿಲಿಲೀಟರಿಗೆ ತರಬೇಕು, ಮತ್ತು ಬಿಗಿ ಮುಚ್ಚಳದ ಕಂದು ಸೀಸೆಯಲ್ಲಿಡಬೇಕು. ಶೇ. 1ರ ಕರಗುವ ಪಿಷ್ಟದ ಅರ್ಧ ಮಿಲಿಲೀಟರಿಗೆ ತೆಳುಮಾಡಿದ ಸಾರದ ಅರ್ಧ ಮಿಲಿಲೀಟರ್ ಸೇರಿಸಿ 30 ಡಿಗ್ರಿಯಲ್ಲಿ ಹತ್ತು ನಿಮಿಷ ಬಿಟ್ಟು, ಈ ಕಾರಕದ 1 ಮಿಲಿಲೀಟರ್ ಹಾಕಿ ಕ್ರಿಯೆಯನ್ನು ನಿಲ್ಲಿಸಿ, ಕುದಿನೀರಿನಲ್ಲಿ ಐದು ನಿಮಿಷ ಇಟ್ಟು, ತಣಿಸಿ, ನೀರಿನಿಂದ ಹಿಗ್ಗಿಸಿ 540 ನ್ಯಾನೋಮೀಟರಿನಲ್ಲಿ ಓದಬೇಕು. ಹಳದಿ ದ್ರಾವಣ ಕುದಿಯುತ್ತ ಕಿತ್ತಳೆಯಾಗಿ ಇಟ್ಟಿಗೆಗೆಂಪಿಗೆ ತಿರುಗುವುದು ಸಕ್ಕರೆಯ ಪ್ರಮಾಣವನ್ನು ಕಣ್ಣಿಗೇ ತೋರಿಸುತ್ತದೆ. ಮಾಲ್ಟೋಸ್‌ನ ಸೊನ್ನೆಯಿಂದ 5 ಮೈಕ್ರೋಮೋಲ್‌ವರೆಗಿನ ಮಾನಕ ರೇಖೆಯನ್ನು ಅದೇ ದಿನ, ಅದೇ ಕಾರಕದಿಂದ ತಯಾರಿಸಬೇಕು.

ಇಲ್ಲಿ ದೊಡ್ಡ ಬಲೆಯೊಂದಿದೆ. ಈ ಕಾರಕ ಅಳೆಯುವುದು ಸಕ್ಕರೆಯನ್ನು, ಮತ್ತು ಮೊಳಕೆ ಬಲಿತಂತೆ ಸಾರದಲ್ಲಿ ಮೊದಲೇ ಇರುವ ಸಕ್ಕರೆಯೂ ಹೆಚ್ಚುತ್ತದೆ. ನೀರನ್ನೋ ಬರಿಯ ಪಿಷ್ಟವನ್ನೋ ಬ್ಲ್ಯಾಂಕ್ ಆಗಿಟ್ಟರೆ 72 ಗಂಟೆಯ ಸಾರ ಕಿಣ್ವವಿಲ್ಲದೆಯೂ ಕೆಂಪಾಗಿ ಕಾಣುತ್ತದೆ. ಆದ್ದರಿಂದ ಪ್ರತಿಯೊಂದು ಸಾರಕ್ಕೂ ಅದರದೇ ಬ್ಲ್ಯಾಂಕ್ ಬೇಕು: ಪಿಷ್ಟಕ್ಕೆ ಮೊದಲು ಕಾರಕ, ಆಮೇಲೆ ಸಾರ. ಸಕ್ಕರೆ ತುಂಬ ಹೆಚ್ಚಿದ್ದರೆ ಸಾರವನ್ನು ಡಯಾಲಿಸಿಸ್‌ನಿಂದಲೋ ಸಣ್ಣ ಜೆಲ್ ಸೋಸುಕಂಬದಿಂದಲೋ ಮೊದಲೇ ಶುದ್ಧಗೊಳಿಸುವುದು ಮೇಲು. ಜೊತೆಗೆ 2, 5, 10, 15 ನಿಮಿಷಗಳಲ್ಲಿ ಅಳೆದು ಬಣ್ಣ ಕಾಲಕ್ಕೆ ತಕ್ಕಂತೆ ನೇರ ರೇಖೆಯಲ್ಲಿ ಏರುತ್ತಿದೆಯೇ ಎಂದು ಒಮ್ಮೆ ನೋಡಿಕೊಳ್ಳಬೇಕು. ರೇಖೆ ಬಾಗಿದರೆ ಸಾರವನ್ನು ಇನ್ನಷ್ಟು ತೆಳುಮಾಡಬೇಕು.

ಲೆಕ್ಕವನ್ನು ಒಂದು ಉದಾಹರಣೆಯಿಂದ ನೋಡೋಣ. ಇಪ್ಪತ್ತು ಪಟ್ಟು ತೆಳುಮಾಡಿದ ಸಾರದ ಅರ್ಧ ಮಿಲಿಲೀಟರ್ ಹತ್ತು ನಿಮಿಷದಲ್ಲಿ 1.8 ಮೈಕ್ರೋಮೋಲ್ ಮಾಲ್ಟೋಸ್ ಕೊಟ್ಟಿತು ಎಂದುಕೊಂಡರೆ, ನಿಮಿಷಕ್ಕೆ 0.18, ಮಿಲಿಲೀಟರಿಗೆ 0.36, ಮೂಲ ಸಾರದಲ್ಲಿ 7.2 ಯೂನಿಟ್ ಆಯಿತು (ಒಂದು ಯೂನಿಟ್ ಎಂದರೆ ನಿಮಿಷಕ್ಕೆ ಒಂದು ಮೈಕ್ರೋಮೋಲ್ ಮಾಲ್ಟೋಸ್). 5 ಮಿಲಿಲೀಟರಿಗೆ 36, ಹತ್ತು ಕಾಳಿನಿಂದ ಬಂದದ್ದರಿಂದ ಕಾಳಿಗೆ 3.6 ಯೂನಿಟ್. ಫಲಿತಾಂಶವನ್ನು ಹೀಗೆ ಒಂದು ಕಾಳಿಗೆ ಎಷ್ಟು ಎಂದೇ ಬರೆಯುವುದು ಒಳಿತು. ಹಸಿ ತೂಕ ನೀರಿನಿಂದ ಬದಲಾಗುತ್ತಿರುತ್ತದೆ, ಕರಗಿದ ಪ್ರೋಟೀನ್ ದಾಸ್ತಾನು ಪ್ರೋಟೀನುಗಳ ಒಡೆತದಿಂದ ಬದಲಾಗುತ್ತಿರುತ್ತದೆ. ಛೇದವೇ ಚಲಿಸುತ್ತಿರುವಾಗ ಭಾಗಲಬ್ಧದ ಏರಿಳಿತಕ್ಕೆ ಅರ್ಥ ಕಟ್ಟುವುದು ಕಷ್ಟ.

ಕಿಣ್ವ ಹೊಸದೋ, ಹಳೆಯದೋ

ಬಾರ್ಲಿಯಲ್ಲಿ ಭ್ರೂಣದಿಂದ ಹೊರಟ ಜಿಬ್ಬರೆಲಿನ್ ಎಂಬ ಹಾರ್ಮೋನು ಅಲ್ಯೂರೋನ್ ಪದರವನ್ನು ತಲುಪಿ ಅಲ್ಲಿ ಆಲ್ಫಾ-ಅಮೈಲೇಸ್ ತಯಾರಿಯನ್ನು ಪ್ರಚೋದಿಸುತ್ತದೆ. ಅಬ್ಸಿಸಿಕ್ ಆಮ್ಲ ಎಂಬ ಇನ್ನೊಂದು ಹಾರ್ಮೋನು ಅದನ್ನು ತಡೆಯುತ್ತದೆ. ಭ್ರೂಣವಿಲ್ಲದ ಅರ್ಧ ಕಾಳಿನಿಂದ ಇದನ್ನು ನೇರವಾಗಿ ಪರೀಕ್ಷಿಸಬಹುದು. ಕಾಳನ್ನು ಅಡ್ಡಕ್ಕೆ ಕತ್ತರಿಸಿ, ಭ್ರೂಣವಿರುವ ಅರ್ಧವನ್ನು ಬಿಟ್ಟು, ಉಳಿದರ್ಧವನ್ನು ಶುದ್ಧೀಕರಿಸಿ 10 ಮಿಲಿಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್ ಮತ್ತು 1 ಮೈಕ್ರೋಮೋಲಾರ್ ಜಿಬ್ಬರೆಲಿಕ್ ಆಮ್ಲ ಇರುವ ದ್ರಾವಣದಲ್ಲಿ 48 ಗಂಟೆ ಅಲುಗಾಡಿಸಬೇಕು. ಜಿಬ್ಬರೆಲಿನ್ ಇಲ್ಲದ್ದು, ಅಬ್ಸಿಸಿಕ್ ಆಮ್ಲ ಸೇರಿಸಿದ್ದು, ಪ್ರೋಟೀನ್ ಸಂಶ್ಲೇಷಣೆಯನ್ನು ನಿಲ್ಲಿಸುವ ಸೈಕ್ಲೋಹೆಕ್ಸಿಮೈಡ್ ಸೇರಿಸಿದ್ದು ಈ ಮೂರು ಕಂಟ್ರೋಲ್‌ಗಳು ಜೊತೆಗಿರಬೇಕು. ಸೈಕ್ಲೋಹೆಕ್ಸಿಮೈಡ್ ವಿಷ, ಕೈಗವಸು ಕಡ್ಡಾಯ.

ಉಪಕರಣಗಳಿಲ್ಲದ ಕಡೆ ಪಿಷ್ಟ ಬೆರೆಸಿದ ಅಗರ್ ತಟ್ಟೆಯ ಮೇಲೆ ಅರ್ಧ ಕಾಳುಗಳನ್ನು ಕತ್ತರಿಸಿದ ಮುಖ ಕೆಳಗಾಗುವಂತೆ ಇಟ್ಟು, ಎರಡು ದಿನದ ನಂತರ ಕಾಳುಗಳನ್ನು ತೆಗೆದು ತೆಳು ಅಯೋಡಿನ್ ಸುರಿದರೆ ಸಾಕು. ತಟ್ಟೆಯೆಲ್ಲ ಕಡುನೀಲಿಯಾಗಿ, ಜಿಬ್ಬರೆಲಿನ್ ಉಂಡ ಕಾಳುಗಳಿದ್ದ ಜಾಗದಲ್ಲಿ ಮಾತ್ರ ಬಣ್ಣವಿಲ್ಲದ ವೃತ್ತಗಳು ಉಳಿಯುತ್ತವೆ.

ತಡೆರಾಸಾಯನಿಕಗಳ ಸಾಕ್ಷ್ಯಕ್ಕೆ ಒಂದು ಮಿತಿಯಿದೆ: ಸೈಕ್ಲೋಹೆಕ್ಸಿಮೈಡ್ ಅಮೈಲೇಸ್ ಅನ್ನೇ ತಡೆಯಿತೋ, ಅದನ್ನು ಬಿಡುಗಡೆ ಮಾಡುವ ಇನ್ನೊಂದು ಪ್ರೋಟೀನನ್ನು ತಡೆಯಿತೋ ಎಂದು ಅದು ಹೇಳುವುದಿಲ್ಲ. 1967ರಲ್ಲಿ ಫಿಲ್ನರ್ ಮತ್ತು ವಾರ್ನರ್ ಈ ತೊಡಕನ್ನು ಬಿಡಿಸಿದ ರೀತಿ ಸೊಗಸಾಗಿದೆ. ಅವರು ಬಾರ್ಲಿಯ ಅಲ್ಯೂರೋನ್ ಪದರಗಳನ್ನು ಆಮ್ಲಜನಕ-18 ಇರುವ ಭಾರವಾದ ನೀರಿನಲ್ಲಿಟ್ಟರು. ದಾಸ್ತಾನು ಪ್ರೋಟೀನುಗಳು ನೀರಿನಿಂದ ಒಡೆಯುವಾಗ ಆ ಭಾರದ ಆಮ್ಲಜನಕ ಅಮೈನೋ ಆಮ್ಲಗಳಿಗೆ ಸೇರಿ, ಅವುಗಳಿಂದ ಕಟ್ಟಿದ ಅಮೈಲೇಸ್‌ನ ಸಾಂದ್ರತೆ ಹೆಚ್ಚಿತು. ಕಿಣ್ವ ಪೂರ್ತಿ ಹೊಸದಾಗಿ ತಯಾರಾದದ್ದೆಂದು ಹೀಗೆ ಸಿದ್ಧವಾಯಿತು.

ಬೀಟಾ-ಅಮೈಲೇಸ್‌ನ ಕಥೆ ಬೇರೆ. ಅದು ಒಣ ಬಾರ್ಲಿಯಲ್ಲಿಯೇ ಇದ್ದು, ಒಂದು ಭಾಗ ಕಟ್ಟಿಕೊಂಡ ರೂಪದಲ್ಲಿರುತ್ತದೆ. ಒಣ ಕಾಳಿನ ಹಿಟ್ಟನ್ನು, ಪ್ರೋಟೀನುಗಳ ನಡುವಿನ ಗಂಧಕದ ಬಂಧಗಳನ್ನು ಬಿಡಿಸುವ ಡೈಥಯೋಥ್ರೈಟಾಲ್ ಇರುವ ಬಫರಿನಲ್ಲಿಯೂ ಇಲ್ಲದ ಬಫರಿನಲ್ಲಿಯೂ ಸಾರ ತೆಗೆದು, ಆ ರಾಸಾಯನಿಕವನ್ನು ಸೋಸುಕಂಬದಲ್ಲಿ ಕಳೆದು ಅಳೆದರೆ, ಮೊಳಕೆಯಲ್ಲಿ "ಹೆಚ್ಚಿದಂತೆ" ಕಂಡದ್ದು ಬಿಡುಗಡೆಯಾದದ್ದೇ ಎಂದು ತಿಳಿಯುತ್ತದೆ. ಹರಳು, ಸೂರ್ಯಕಾಂತಿಯಂಥ ಎಣ್ಣೆಬೀಜಗಳಲ್ಲಿ ಪಿಷ್ಟಕ್ಕಿಂತ ಕೊಬ್ಬು ಮುಖ್ಯವಾದ್ದರಿಂದ ಲೈಪೇಸ್ ಅನ್ನೂ, ಕೊಬ್ಬನ್ನು ಸಕ್ಕರೆಯತ್ತ ಒಯ್ಯುವ ಗ್ಲೈಆಕ್ಸಲೇಟ್ ಚಕ್ರದ ಐಸೊಸಿಟ್ರೇಟ್ ಲಯೇಸ್ ಅನ್ನೂ ಅಳೆಯುತ್ತಾರೆ; ಕಂಟ್ರೋಲ್‌ಗಳ ತರ್ಕ ಅಲ್ಲಿಯೂ ಇದೇ.

ಡಿಎನ್‌ಎ ಸಂಶ್ಲೇಷಣೆ

ಕೋಶಚಕ್ರದಲ್ಲಿ ಡಿಎನ್‌ಎ ತಯಾರಿಗೆ ಪ್ರತ್ಯೇಕ ಅವಧಿಯಿದೆ ಎಂಬುದು 1953ರಲ್ಲಿ ಹೊವರ್ಡ್ ಮತ್ತು ಪೆಲ್ಕ್ ವಿಕಿರಣಶೀಲ ರಂಜಕದಿಂದ ನಡೆಸಿದ ಪ್ರಯೋಗಗಳಿಂದ ತಿಳಿಯಿತು, ಮತ್ತು ಅವರು ಬಳಸಿದ್ದು ಫಾವಾ ಅವರೆಯ ಬೇರಿನ ತುದಿಯನ್ನು. ಅದಾದ ಮೇಲೆ ಬಹುಕಾಲ ಟ್ರಿಷಿಯಂ (ವಿಕಿರಣಶೀಲ ಜಲಜನಕ) ಸೇರಿಸಿದ ಥೈಮಿಡಿನ್ ಈ ಕೆಲಸದ ಮುಖ್ಯ ಸಾಧನವಾಗಿತ್ತು. ಇಂದು ವಿಕಿರಣ ಪರವಾನಗಿ ಇಲ್ಲದ ಪ್ರಯೋಗಾಲಯಕ್ಕೆ ಈಡಿಯು ಎಂಬ ಥೈಮಿಡಿನ್‌ನ ಬದಲಿ ಅಣು ಸೂಕ್ತ. ಅದು ಹೊಸ ಡಿಎನ್‌ಎ ಎಳೆಗೆ ಸೇರಿಕೊಳ್ಳುತ್ತದೆ. ಆಮೇಲೆ ತಾಮ್ರದ ನೆರವಿನಿಂದ ಹೊಳೆಯುವ ಬಣ್ಣವೊಂದನ್ನು ಅದಕ್ಕೆ ಅಂಟಿಸಬಹುದು. ಹಿಂದಿನ ಬ್ರೋಮೋಡಿಆಕ್ಸಿಯೂರಿಡಿನ್ ವಿಧಾನದಂತೆ ಡಿಎನ್‌ಎಯ ಎಳೆಗಳನ್ನು ಆಮ್ಲದಿಂದ ಬಿಡಿಸುವ ಅಗತ್ಯವಿಲ್ಲ.

ಹೆಸರುಕಾಳಿನ ಅಕ್ಷಗಳನ್ನು ಬೇಕಾದ ಗಂಟೆಯಲ್ಲಿ ಬಿಡಿಸಿ, 10 ಮೈಕ್ರೋಮೋಲಾರ್ ಈಡಿಯುನಲ್ಲಿ ಒಂದರಿಂದ ಎರಡು ಗಂಟೆ ಮಾತ್ರ ಇಡಬೇಕು. ಮೊದಲಿನಿಂದಲೇ ಈಡಿಯು ಇರುವ ನೀರಿನಲ್ಲಿ ಬೀಜ ನೆನೆಸಿದರೆ ಸಂಶ್ಲೇಷಣೆ ಯಾವಾಗ ಆಯಿತೆಂದು ತಿಳಿಯುವುದಿಲ್ಲ, ಮೇಲಾಗಿ ದೀರ್ಘಕಾಲ ಅದು ಕೋಶಕ್ಕೆ ಹಾನಿಕರ. ಬಳಿಕ ಶೇ. 4ರ ಫಾರ್ಮಾಲ್ಡಿಹೈಡ್‌ನಲ್ಲಿ ಸ್ವಲ್ಪ ಟ್ರೈಟಾನ್ ಮಾರ್ಜಕ ಬೆರೆಸಿ ಅರ್ಧ ಗಂಟೆ ಸ್ಥಿರೀಕರಿಸಿ, ತೊಳೆದು, ತಾಮ್ರದ ಸಲ್ಫೇಟ್, ಆಸ್ಕಾರ್ಬೇಟ್ ಮತ್ತು ಅಜೈಡ್ ಬಣ್ಣದ ಮಿಶ್ರಣದಲ್ಲಿ ಕತ್ತಲಲ್ಲಿ ಅರ್ಧ ಗಂಟೆ ಇಡಬೇಕು. ಆಸ್ಕಾರ್ಬೇಟ್ ಅಂದೇ ಕರಗಿಸಿದ್ದಾಗಿರಬೇಕು. ದ್ರಾವಣ ಹಳದಿಗೆ ತಿರುಗಿದ್ದರೆ ಚೆಲ್ಲಬೇಕು. ಕೊನೆಗೆ ಡಿಎನ್‌ಎಗೆ ಅಂಟಿ ಹೊಳೆಯುವ ಡ್ಯಾಪಿ ಎಂಬ ಬಣ್ಣದಿಂದ ಎಲ್ಲ ಕೋಶಕೇಂದ್ರಗಳಿಗೂ ಬಣ್ಣ ಕೊಟ್ಟು, ಬೇರಿನ ತುದಿಯನ್ನು ಗಾಜಿನ ಮೇಲೆ ಒತ್ತಿ ಹರಡಿ, ನೂರು ಕೇಂದ್ರಗಳಲ್ಲಿ ಎಷ್ಟು ಈಡಿಯು ಹೊಳಪನ್ನು ತೋರಿಸುತ್ತವೆ ಎಂದು ಎಣಿಸಬೇಕು.

ಹೊಳಪಿನ ರೀತಿಯನ್ನು ಗಮನಿಸುವುದು ಎಣಿಕೆಗಿಂತ ಹೆಚ್ಚು ಕಲಿಸುತ್ತದೆ. ಕೆಲವೇ ಕೇಂದ್ರಗಳು ಪ್ರಖರವಾಗಿ ಹೊಳೆದು ಪಕ್ಕದವು ಕಪ್ಪಾಗಿದ್ದರೆ ಅದು ಪ್ರತಿಕೃತೀಕರಣ. ಎಲ್ಲ ಕೇಂದ್ರಗಳಲ್ಲೂ ಮಂದವಾದ ಹೊಳಪಿದ್ದರೆ ದುರಸ್ತಿಯಿರಬಹುದು, ಹಿನ್ನೆಲೆಯ ಬಣ್ಣವೂ ಇರಬಹುದು; ಈಡಿಯು ಕೊಡದ ಅಕ್ಷಗಳಿಗೆ ಅದೇ ಬಣ್ಣ ಹಚ್ಚಿ ನೋಡಿದರೆ ಇವೆರಡು ಬೇರ್ಪಡುತ್ತವೆ. ಕೇಂದ್ರದ ಹೊರಗೆ ಸಣ್ಣ ಚುಕ್ಕೆಗಳು ಮಿನುಗಿದರೆ ಅವು ಮೈಟೋಕಾಂಡ್ರಿಯ ಅಥವಾ ಪ್ಲಾಸ್ಟಿಡ್‌ಗಳ ಡಿಎನ್‌ಎ. ಇದನ್ನು ಖಚಿತಪಡಿಸಲು ಎಫಿಡಿಕೋಲಿನ್ ಎಂಬ ತಡೆರಾಸಾಯನಿಕ ನೆರವಾಗುತ್ತದೆ, ಏಕೆಂದರೆ ಅದು ಕೋಶಕೇಂದ್ರದ ಪ್ರತಿಕೃತೀಕರಣ ನಡೆಸುವ ಪಾಲಿಮರೇಸ್ ಕಿಣ್ವಗಳನ್ನು ತಡೆಯುತ್ತದೆ, ಸಸ್ಯಗಳ ಕೋಶಾಂಗಗಳ ಪಾಲಿಮರೇಸ್ ಅನ್ನು ತಡೆಯುವುದಿಲ್ಲ. ಮೊದಲ ಗಂಟೆಗಳ ಅಕ್ಷಗಳಲ್ಲಿ ಏನೂ ಕಾಣದಿದ್ದರೆ ಈಡಿಯು ಒಳಗೆ ಇಳಿಯಲೇ ಇಲ್ಲವೇ ಎಂದೂ ಯೋಚಿಸಬೇಕು. ಸಿಪ್ಪೆ ಬಿಡಿಸದ ಬೀಜದಲ್ಲಿ ಈ ಸಮಸ್ಯೆ ಸಾಮಾನ್ಯ.

ಇನ್ನೊಂದು ಸ್ವತಂತ್ರ ಸಾಕ್ಷ್ಯ, ಕಣಗಳ ಹೊಳಪನ್ನು ಒಂದೊಂದಾಗಿ ಅಳೆಯುವ ಫ್ಲೋ ಸೈಟೋಮೀಟರಿನಿಂದ ಸಿಗುತ್ತದೆ. ಅಕ್ಷಗಳನ್ನು ತಣ್ಣನೆಯ ಬಫರಿನಲ್ಲಿ ಹೊಸ ಬ್ಲೇಡಿನಿಂದ ಸಣ್ಣಗೆ ಕೊಚ್ಚಿ, ನೈಲಾನ್ ಜಾಲರಿಯಲ್ಲಿ ಸೋಸಿ, ಡ್ಯಾಪಿ ಹಾಕಿ ಓಡಿಸಿದರೆ ಪ್ರತಿ ಕೇಂದ್ರದಲ್ಲಿರುವ ಡಿಎನ್‌ಎಯ ಪ್ರಮಾಣ ಶಿಖರಗಳಾಗಿ ಕಾಣುತ್ತದೆ. ಡ್ಯಾಪಿಯ ಬದಲು ಆರ್‌ಎನ್‌ಎಗೂ ಅಂಟುವ ಪ್ರೊಪಿಡಿಯಂ ಅಯೊಡೈಡ್ ಬಣ್ಣ ಬಳಸುವುದಾದರೆ ಆರ್‌ಎನ್‌ಎಯನ್ನು ಆರ್‌ಎನ್‌ಏಸ್ ಕಿಣ್ವದಿಂದ ಕಳೆಯಲೇಬೇಕು. ಒಣ ಭ್ರೂಣಗಳಲ್ಲಿ ಬಹುಪಾಲು ಕೋಶಗಳು ಪ್ರತಿಕೃತೀಕರಣಕ್ಕೆ ಮುಂಚಿನ 2ಸಿ ಸ್ಥಿತಿಯಲ್ಲಿ (ಸಿ ಎಂದರೆ ಒಂದು ಜೊತೆ ಅಲ್ಲದ, ಒಂಟಿ ವರ್ಣತಂತು ಗುಂಪಿನ ಡಿಎನ್‌ಎ ಪ್ರಮಾಣ) ನಿಂತಿರುತ್ತವೆ, ಆದರೆ ಕೆಲವು ಪ್ರಭೇದಗಳಲ್ಲಿ 4ಸಿ ಕೋಶಗಳೂ ಇರುತ್ತವೆ. 4ಸಿಯ ಪಾಲು ಏರುವುದು ಸಂಶ್ಲೇಷಣೆಯ ಗುರುತು. 8ಸಿ ಶಿಖರ ಮೂಡಿದರೆ ಕೋಶ ವಿಭಜಿಸದೆ ಡಿಎನ್‌ಎಯನ್ನು ಮಾತ್ರ ಇಮ್ಮಡಿಸಿದೆ ಎಂದರ್ಥ. ಧಾನ್ಯಗಳ ಭ್ರೂಣಾಹಾರದಲ್ಲಿ ಮೂಲತಃ 3ಸಿ ಇರುವುದರಿಂದ ಅದರ ಚೂರು ಬೆರೆಯದಂತೆ ನೋಡಿಕೊಳ್ಳಬೇಕು. ಡೈಫಿನೈಲಮೀನ್ ಬಳಸಿ 600 ನ್ಯಾನೋಮೀಟರಿನಲ್ಲಿ ಒಟ್ಟು ಡಿಎನ್‌ಎ ಅಳೆಯುವ ಹಳೆಯ ವಿಧಾನ ಬೇರು ಚಾಚಿದ ಮೇಲಿನ ಹೆಚ್ಚಳಕ್ಕೆ ಸರಿಹೋಗುತ್ತದೆ, ಮೊದಲ ದಿನದ ಸೂಕ್ಷ್ಮ ಬದಲಾವಣೆಗೆ ಅಲ್ಲ.

ಎರಡೂ ರೇಖೆಗಳನ್ನು ಒಂದೇ ಹಾಳೆಯಲ್ಲಿ ಬಿಡಿಸಿದಾಗ ಒಂದನ್ನು ಇನ್ನೊಂದರ ಕಾರಣ ಎಂದು ಓದುವ ಆಸೆ ಹುಟ್ಟುತ್ತದೆ. ಅಲ್ಯೂರೋನ್ ಕೋಶಗಳು ವಿಭಜಿಸದೆಯೇ ಅಮೈಲೇಸ್ ತಯಾರಿಸುತ್ತವೆ. ಬೇರುಮೊಳಕೆ ಹೊರಬರುವುದೂ ಮುಖ್ಯವಾಗಿ ಕೋಶಗಳ ನೀಳುವಿಕೆಯಿಂದ. ಭಾರಿ ಪ್ರಮಾಣದ ಗಾಮಾ ವಿಕಿರಣ ಕೊಟ್ಟು ಕೋಶವಿಭಜನೆಯನ್ನು ನಿಲ್ಲಿಸಿದ ಗೋಧಿಯೂ ಮೊಳೆತು ಸ್ವಲ್ಪ ಬೆಳೆದದ್ದು ಪ್ರಯೋಗಗಳಲ್ಲಿ ಕಂಡಿದೆ. ಆದ್ದರಿಂದ ಬೇರು ಕಾಣುವ ಮುನ್ನ ಈಡಿಯು ಹೊಳಪು ಬರದಿದ್ದರೆ ಪ್ರಯೋಗ ಕೆಟ್ಟಿತೆಂದು ತೀರ್ಮಾನಿಸದೆ, ಬೇರು ಚಾಚಿದ ಅಕ್ಷಗಳಲ್ಲಿ ಹೊಳಪು ಬರುತ್ತಿದೆಯೇ ಎಂದು ಮೊದಲು ನೋಡಬೇಕು.

ಪುನರಾವರ್ತನೆಯ ಲೆಕ್ಕವನ್ನೂ ಸರಿಯಾಗಿ ಹಿಡಿಯಬೇಕು. ಒಂದೇ ಸಾರವನ್ನು ಮೂರು ನಳಿಕೆಗಳಲ್ಲಿ ಅಳೆದರೆ ಪಿಪೆಟ್ ಹಿಡಿದ ಕೈಯ ನಿಖರತೆ ಮಾತ್ರ ತಿಳಿಯುತ್ತದೆ. ಬೀಜಗಳ ನಡುವಿನ ವ್ಯತ್ಯಾಸ ತಿಳಿಯಬೇಕಾದರೆ ಬೇರೆ ಬೇರೆ ತಟ್ಟೆಗಳಿಂದ, ಸಾಧ್ಯವಾದರೆ ಬೇರೆ ಬೇರೆ ದಿನ ನೆನೆಸಿದ ಬೀಜಗಳಿಂದ ಸಾರ ತೆಗೆಯಬೇಕು. ಉಳಿದ ಬೀಜವನ್ನು ಒಣ ಸಿಲಿಕಾ ಜೆಲ್‌ನೊಂದಿಗೆ ಬಿಗಿ ಡಬ್ಬಿಯಲ್ಲಿ ತಂಪಾಗಿ ಇಟ್ಟುಕೊಳ್ಳಬೇಕು, ಏಕೆಂದರೆ ಬೆಚ್ಚಗೆ, ತೇವದಲ್ಲಿ ಹಳತಾದ ಬೀಜಕ್ಕೆ ದುರಸ್ತಿಯ ಹೊರೆ ಹೆಚ್ಚಿ ಎರಡನೆಯ ಹಂತ ಉದ್ದವಾಗುತ್ತದೆ, ಮತ್ತು ಕೆಲವು ತಿಂಗಳ ನಂತರ ಅದೇ ರಾಶಿಯ ಬೀಜದಿಂದ ಬಂದ ರೇಖೆ ಮೊದಲಿನದರೊಂದಿಗೆ ಹೊಂದಿಕೊಳ್ಳುವುದಿಲ್ಲ.